ಹೊಳೆಯನ್ನು ನಂಬಿದ ಕೋಟೆ



ಐವತ್ತು ದಾಟಿದ ಮೇಷ್ಟರೊಬ್ಬರು ಕಂಪ್ಯೂಟರಿನ ಮುಂದೆ ಕುಳಿತು ಆಟವಾಡುತ್ತಾರೆಂದರೆ ನೀವು ನಕ್ಕೀರಿ. ನಗಬಹುದು, ಆದರೆ ನಮ್ಮ ಪಕ್ಷಕ್ಕೂ ದೊಡ್ಡವರೊಬ್ಬರ ಸಾಕ್ಷಿಯುಂಟು. 1794ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿಯೇ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದವರು; ಹೊಸ ಹೊಸ ಹಾಸಿನಾಟಗಳನ್ನೇ ಕಲ್ಪಿಸಿದವರು.

ನಮ್ಮ ಆಟ 'ಏಜ್ ಆಫ್ ಎಂಪೈರ್ಸ್' ಎಂಬುದರ ಎರಡನೆಯ ಭಾಗ. ಅದು ಹೊರಬಂದುದು 1999ರಲ್ಲಿ. ಆಗ ತರುಣರಾಗಿದ್ದ ನಾವು ನಾಲ್ವರು ಗೆಳೆಯರು ಕಂಪ್ಯೂಟರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ತೆತ್ತು ಆಡುತ್ತಿದ್ದೆವು. ಕೆಲವೇ ಮಂದಿ ಹಳ್ಳಿಗರಿಂದ ಆಟ ಮೊದಲಾಗುತ್ತದೆ. ಅವರು ಮರ ಕಡಿಯಬೇಕು, ಆಹಾರ ಕೂಡಿಡಬೇಕು, ಚಿನ್ನ ಕಲ್ಲು ಅಗೆಯಬೇಕು. ಆಮೇಲೆ ಕೋಟೆ, ಸೈನ್ಯ. ಮೊದಲೇ ಕತ್ತಿ ಹಿಡಿದವನ ಮನೆಯಲ್ಲಿ ಅನ್ನವಿರದು. ಅನ್ನವನ್ನೇ ಕೂಡಿಡುತ್ತ ಕುಳಿತವನ ಬಾಗಿಲಿಗೆ ಕತ್ತಿ ಬಂದೀತು. ಈ ತೂಕವನ್ನು ಅರಿಯುವುದೇ ಆಟದ ಸಾರ. 2019ರಲ್ಲಿ ಅದಕ್ಕೆ ಹೊಸ ರೂಪ ಬಂದಿತು. 2022ರಲ್ಲಿ ದ್ರಾವಿಡರೂ ಅದರೊಳಗೆ ಸೇರಿದರು.

ಕಳೆದ ಬೇಸಗೆಯ ರಜೆಯಲ್ಲಿ ಗೆಳೆಯನೊಬ್ಬನ ಮಗ ನಾಲ್ಕು ಲ್ಯಾಪ್‌ಟಾಪುಗಳನ್ನು ಜೋಡಿಸಿ ನಮ್ಮನ್ನು ಮತ್ತೆ ಕೂಡಿಸಿದ. ನಾವು ನಾಲ್ವರೂ ಒಂದು ಪಕ್ಷ. ಯಂತ್ರ ಎದುರು ಪಕ್ಷ. ಒಂದೇ ತೊಡಕು: ಆ ನಾಲ್ವರಲ್ಲಿ ಒಬ್ಬನೊಡನೆ ನನಗೆ ಆರು ವರ್ಷಗಳಿಂದ ಮಾತಿರಲಿಲ್ಲ. ಗದ್ದೆಯ ಬದುವಿನ ವಿಚಾರ. ಎರಡು ಮಾರು ನೆಲ.

ನಾನು ಹೊಳೆಯ ದಡದಲ್ಲಿ ಊರು ಕಟ್ಟಿದೆ. ಮೂರು ಕಡೆ ಗೋಡೆ ಎಬ್ಬಿಸಿ, ನೀರೇ ಕಾವಲೆಂದು ನಾಲ್ಕನೆಯ ಕಡೆಯನ್ನು ಬಿಟ್ಟೆ. ಆ ಹೊಳೆಯಲ್ಲಿ ಆಳವಿಲ್ಲದ ಜಾಗವೊಂದಿತ್ತು. ಶತ್ರು ಅಲ್ಲಿಂದಲೇ ನುಗ್ಗಿದ. 1799ರ ಮೇ 4ರಂದು, ಮಳೆಗಾಲಕ್ಕೆ ಮುನ್ನ ಕಾವೇರಿ ಇಳಿದಿದ್ದಾಗ, ಇಂಗ್ಲಿಷರ ಸೈನ್ಯ ಹೊಳೆಯನ್ನು ಹಾಯ್ದು ಟಿಪ್ಪುವಿನ ಕೋಟೆಯ ಒಡೆದ ಗೋಡೆಯನ್ನೇರಿತಲ್ಲವೇ? ವರ್ಷವರ್ಷವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸುವ ನನಗೇ ಅದು ಹೊಳೆಯಲಿಲ್ಲ!

ಗೋಡೆ ಕಟ್ಟೋಣವೆಂದರೆ ಕಲ್ಲು ಮುಗಿದಿತ್ತು. ಬಾಯಿಬಿಟ್ಟು ಕೇಳುವುದೆಂತು? ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು: ನನಗೆ 500 ಕಲ್ಲು ಬಂದಿದೆ. ಕಳುಹಿಸಿದವನು ಅವನೇ. ಈ ಆಟದಲ್ಲಿ ಹಾಗೆ ಕೊಡುವವನು ಮೇಲೆ ಸುಂಕವನ್ನೂ ತೆರಬೇಕು. ಅದನ್ನೂ ತೆತ್ತಿದ್ದ.

ಆದರೂ ಸೋತೆವು. ಉಳಿಸಿಟ್ಟ ಹಂತಕ್ಕೆ ಹೋಗಿ ಮತ್ತೆ ಆಡುವ ಅನುಕೂಲ ಆಟದಲ್ಲುಂಟು. "ಹಿಂದಕ್ಕೆ ಹೋಗೋಣವಾ, ಮೇಷ್ಟ್ರೇ?" ಎಂದ ಹುಡುಗ. ಬೇಡವೆಂದೆವು.

ಮನೆಗೆ ಬರುವ ದಾರಿಯಲ್ಲಿ ಅವನು ನನ್ನ ಪಕ್ಕದಲ್ಲಿ ನಡೆಯುತ್ತಿದ್ದ. ಸ್ವಲ್ಪ ದೂರ ಬಂದ ಮೇಲೆ, "ಅಲ್ಲಯ್ಯ ಪಂಡಿತ, ಈ ಊರಲ್ಲಿ ಹುಟ್ಟಿ ಹೊಳೇನ ನಂಬ್ಕೊಂಡು ಕೂತ್ಯಲ್ಲ!" ಎಂದ. ಆರು ವರ್ಷಗಳ ಮೇಲಿನ ಮೊದಲ ಮಾತು ಅದು.

ಬದುವಿನ ವಿಚಾರ ಇನ್ನೂ ತೀರಿಲ್ಲ. ಆದರೆ ಬರುವ ಭಾನುವಾರ ಮತ್ತೆ ಕೂಡುವವರಿದ್ದೇವೆ. ಈ ಸಲ ಹೊಳೆಯ ಕಡೆಯ ಗೋಡೆ ಕಟ್ಟುವ ಹೊಣೆ ಅವನದು.