ಮುಸ್ತಫಾನ ಪೆಟ್ಟಿಗೆ

ನಿವೃತ್ತನಾದ ಮೇಷ್ಟ್ರೊಬ್ಬ ತನ್ನ ಹವ್ಯಾಸದ ಬಗ್ಗೆ ಮಾತನಾಡುತ್ತಾನೆಂದರೆ ಕೇಳುವವರು ತೋಟಗಾರಿಕೆಯನ್ನೋ ಅಂಚೆಚೀಟಿ ಸಂಗ್ರಹವನ್ನೋ ನಿರೀಕ್ಷಿಸುತ್ತಾರೆ. ನನ್ನದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ ಆಗುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು ಈಗ ಆವನಿಯ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ, ಬಿಲ್ಲೆ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ದುರಸ್ತಿ ಮಾಡುತ್ತೇನೆ. ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಆದ್ದರಿಂದ ಯಾರಿಗೂ ಅನ್ಯಾಯವಾಗಿಲ್ಲ.

ಈ ಪೆಟ್ಟಿಗೆಯನ್ನು ನೋಡದವರಿಗಾಗಿ ಒಂದು ಮಾತು. ಆಳೆತ್ತರದ ಮರದ ಬೀರು. ಎದೆಯ ಮಟ್ಟದಲ್ಲಿ ಒಂದು ಹಿಡಿಕೋಲು ಮತ್ತು ಕೆಲವು ಗುಂಡಿಗಳು. ಕಣ್ಣಿನ ಮಟ್ಟದಲ್ಲಿ ಟೆಲಿವಿಷನ್ನಿನ ಗಾಜು. ಕೆಳಗೆ ಬಿಲ್ಲೆ ಹಾಕುವ ಸೀಳು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ ‘ಪಾಂಗ್’ ಬಂದಿತು. 1978ರಲ್ಲಿ ಜಪಾನಿನ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮ್ಯಾನ್’ ಬಂದವು. ಅಲ್ಲಿಂದ ಹೊರಟ ಈ ಸಂತತಿ ನಮ್ಮ ಸಣ್ಣ ಊರುಗಳನ್ನು ತಲುಪುವ ಹೊತ್ತಿಗೆ ತೊಂಬತ್ತರ ದಶಕವಾಗಿತ್ತು. ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ನಕಲು: ಊರಿನ ಬಡಗಿ ಪ್ಲೈವುಡ್ಡಿನಲ್ಲಿ ಕಟ್ಟಿದ ಪೆಟ್ಟಿಗೆ, ಮನೆಯ ಟೀವಿಯಿಂದ ಕಿತ್ತ ಗಾಜು, ಎಲ್ಲಿಯದೋ ನಕಲು ಸರ್ಕ್ಯೂಟ್ ಹಲಗೆ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಆಟದ ಹೆಸರು ನಮ್ಮ ಹುಡುಗರ ನಾಲಗೆಗೆ ಹಿಡಿಸಲಿಲ್ಲ. ಅದರ ನಾಲ್ವರು ವೀರರಲ್ಲಿ ಒಬ್ಬನ ಹೆಸರು ಮುಸ್ತಫಾ. ಆಟಕ್ಕೆ ಅದೇ ಹೆಸರಾಯಿತು. ಭಾರತದ ಎಷ್ಟೋ ಊರುಗಳಲ್ಲಿ ಅದು ಇಂದಿಗೂ ‘ಮುಸ್ತಫಾ’.

ಮುಳಬಾಗಿಲಿನ ಒಂದು ಓಣಿಯಲ್ಲಿದ್ದ ಅಂಥ ಅಂಗಡಿಗೆ ನಾನು ಆಗ ಪರಮಶತ್ರುವಾಗಿದ್ದೆ. ಶಾಲೆ ತಪ್ಪಿಸಿದ ಹುಡುಗರನ್ನು ಅಲ್ಲಿಂದ ಹಿಡಿದು ತರುವುದು ನನ್ನ ಸ್ವಯಂನಿಯೋಜಿತ ಕರ್ತವ್ಯ. 1997ರ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಒಬ್ಬನನ್ನು ಕಿವಿ ಹಿಡಿದು, ಬೀದಿಯ ಜನ ನೋಡುತ್ತಿದ್ದಂತೆ ಶಾಲೆಯವರೆಗೂ ನಡೆಸಿಕೊಂಡು ಬಂದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ. ಆಟದ ಚಟ ಅವನನ್ನು ಕೆಡಿಸಿತೆಂದು ಬಹುಕಾಲ ಹೇಳಿಕೊಂಡು ತಿರುಗಿದೆ.

ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಅದೇ ಪೆಟ್ಟಿಗೆ ಗುಜರಿಯವನ ಗಾಡಿಯ ಮೇಲೆ ನನ್ನ ಕಣ್ಣಿಗೆ ಬಿತ್ತು. ಸೌದೆಯ ಬೆಲೆಗೆ ಕೊಂಡೆ. ಏಕೆ ಕೊಂಡೆನೆಂದು ಆಗ ಕೇಳಿದ್ದರೆ, ಒಳಗಿನ ಟ್ರಾನ್ಸ್‌ಫಾರ್ಮರಿಗಾಗಿ ಎನ್ನುತ್ತಿದ್ದೆನೇನೋ.

ಬುಡದ ಒಂದು ಗೇಣು ಗೆದ್ದಲಿನ ಪಾಲಾಗಿತ್ತು. ಅದನ್ನು ಕೊಯ್ದು ಹೊಸ ಮರ ಜೋಡಿಸಿದೆ. ಗಾಜಿನ ಕೊಳವೆಯ ಕೆಲಸದಲ್ಲಿ ಮಾತ್ರ ಎಚ್ಚರ ಬೇಕು. ಬಣ್ಣದ ಟೀವಿಯ ಕೊಳವೆಗೆ ಇಪ್ಪತ್ತು ಸಾವಿರ ವೋಲ್ಟಿನಷ್ಟು ಒತ್ತಡ ಹೋಗುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಅದು ಬಹಳ ಹೊತ್ತು ಒಳಗೆ ಉಳಿದಿರಬಹುದು. ಅದನ್ನು ಭೂಸಂಪರ್ಕದ ತಂತಿಯಿಂದ ಇಳಿಸಿಯೇ ಕೈಹಾಕಬೇಕು. ಊದಿಕೊಂಡ ಕೆಪಾಸಿಟರುಗಳನ್ನು ಬದಲಿಸಿದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವು ಸಿಗುತ್ತವೆ. ಆಟ ಬರೆದಿಟ್ಟ ಚಿಪ್ಪುಗಳ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿಯಿರುತ್ತದೆ. ಅತಿನೇರಳೆ ಬೆಳಕು ಅದರೊಳಗೆ ಹೊಕ್ಕರೆ ಬರೆದದ್ದು ಅಳಿಸಿಹೋಗುತ್ತದೆ. ಕಿಟಕಿಯ ಮೇಲಿನ ಚೀಟಿ ಕೊಳಕೆಂದು ಕಿತ್ತೆಸೆದು ಹಲಗೆಯನ್ನು ಬಿಸಿಲಿಗೆ ಒಣಗಲಿಟ್ಟರೆ ಕಾಲಕ್ರಮದಲ್ಲಿ ಆಟವೇ ಹೋದೀತು.

ಇನ್ನೊಂದು ವಿಚಿತ್ರ. ಈ ಆಟದ ಅಸಲು ಹಲಗೆಯಲ್ಲಿ, ನಕಲು ಮಾಡದಿರಲೆಂದು ಒಂದು ಗುಟ್ಟನ್ನು ಪುಟ್ಟ ಬ್ಯಾಟರಿಯ ಬಲದಿಂದ ಕಾದಿಟ್ಟಿದ್ದರು. ಬ್ಯಾಟರಿ ಸತ್ತರೆ ಗುಟ್ಟೂ ಸಾಯುತ್ತದೆ. ಹಲಗೆ ನೆಟ್ಟಗೆ ಕೆಲಸ ಮಾಡುವುದಿಲ್ಲ. ನನ್ನ ಕಳ್ಳನಕಲಿನಲ್ಲಿ ಆ ಬ್ಯಾಟರಿಯೇ ಇಲ್ಲ. ಆದ್ದರಿಂದ ಅದು ಬದುಕಿದೆ. ನೀತಿಪಾಠ ಹೇಳಿ ಅಭ್ಯಾಸವಾದ ನನ್ನಂಥವನಿಗೆ ಇದು ಅಷ್ಟು ಹಿತವಾದ ಸಂಗತಿಯಲ್ಲ.

ಹೊರಮೈಯ ವಿಷಯಕ್ಕೆ ಬಂದಾಗ ಕೈ ನಿಂತಿತು. ಬಣ್ಣ ಬಳಿದು ಹೊಸದರಂತೆ ಮಾಡಬೇಕೇ, ಇದ್ದಂತೆಯೇ ಉಳಿಸಬೇಕೇ? ನಮ್ಮೂರಿನ ರಾಮಲಿಂಗೇಶ್ವರ ದೇಗುಲಗಳ ಸಮೂಹ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ನೊಳಂಬರ ಕಾಲದ ಆ ಗುಡಿಗಳ ನೆರಳಿನಲ್ಲಿ ಬೆಳೆದ ನನಗೆ ಜೀರ್ಣೋದ್ಧಾರವೂ ಸಂರಕ್ಷಣೆಯೂ ಒಂದಲ್ಲವೆಂಬುದು ತಿಳಿಯದ ಮಾತಲ್ಲ. ಇಲಾಖೆಗಾಗಿ 1923ರಲ್ಲಿ ಜಾನ್ ಮಾರ್ಷಲ್ ಬರೆದ ಕೈಪಿಡಿ, ಇರುವುದನ್ನು ಉಳಿಸಿ, ಊಹೆಯಿಂದ ಹೊಸತನ್ನು ಕಟ್ಟಬೇಡಿ ಎಂಬ ದಾರಿಯನ್ನೇ ಹಿಡಿದಿದೆ. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಯಾರೋ ಗೀಚಿದ ಹುಲಿ-ಕುರಿ ಆಟದ ಗೆರೆಗಳನ್ನು (ನಮ್ಮ ಸೀಮೆಯ ತೆಲುಗಿನಲ್ಲಿ ಅದು ಪುಲಿ-ಮೇಕ) ಈಗ ಯಾರೂ ಉಜ್ಜಿ ತೆಗೆಯುವುದಿಲ್ಲವಷ್ಟೆ. ಪೆಟ್ಟಿಗೆಯ ಮೈಮೇಲೆ ಮೊಳೆಯಿಂದ ಕೆತ್ತಿದ ಹೆಸರುಗಳನ್ನು ಹಾಗೆಯೇ ಬಿಟ್ಟೆ. ಆದರೆ ಗಾಜಿನ ಎಡಮಗ್ಗುಲಲ್ಲಿ, ಬೆರಳೆರಡರಷ್ಟು ಅಗಲದ ಒಂದು ಕನ್ನಡಿಚೂರು ಓರೆಯಾಗಿ ಅಂಟಿಕೊಂಡಿತ್ತು. ಅದು ಯಾವ ಯಂತ್ರಭಾಗವೂ ಅಲ್ಲ, ಅಲಂಕಾರವೂ ಅಲ್ಲ. ಕೀಳಬೇಕೆಂದು ಉಳಿ ಹಿಡಿದಿದ್ದೆ.

ಆ ದಿನ ಟ್ರಾನ್ಸ್‌ಫಾರ್ಮರಿಗೆ ಹೊಸದಾಗಿ ತಂತಿ ಸುತ್ತಿ ತಂದುಕೊಟ್ಟವನು ಕೊಳವೆಬಾವಿಯ ಮೋಟಾರುಗಳ ರಿಪೇರಿ ಅಂಗಡಿ ಇಟ್ಟಿರುವ, ನಡುವಯಸ್ಸಿನವನು. ನಾನು ಕಿವಿ ಹಿಡಿದು ನಡೆಸಿದ ಹುಡುಗ ಅವನೇ. ಅಲ್ಲಿಯವರೆಗೆ ಅನೇಕ ಸಲ ನನ್ನಲ್ಲಿಗೆ ಬಂದುಹೋಗಿದ್ದ. ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

“ಅದನ್ನ ಕೀಳಬೇಡಿ ಸಾರ್. ಅಂಟಿಸಿದೋನು ನಾನೇ” ಎಂದ. “ಆಡೋವಾಗ ಬಾಗಿಲು ಬೆನ್ನಿಗಿರ್ತಿತ್ತಲ್ಲ. ನೀವು ಬಂದ್ರೆ ಅದರಲ್ಲಿ ಮೊದಲು ನಿಮ್ಮ ಕೊಡೆ ಕಾಣಿಸೋದು.”

ಪತನ ಕೋನ, ಪ್ರತಿಫಲನ ಕೋನಗಳ ಪಾಠವನ್ನು ಆ ತರಗತಿಗೆ ಮಾಡಿದವನು ನಾನೇ. ಅದು ಇಷ್ಟು ಚೆನ್ನಾಗಿ ಮನಸ್ಸಿಗೆ ನಾಟಿದ್ದನ್ನು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ಕಂಡದ್ದಿಲ್ಲ.

“ಹಾಗಾದರೆ ಆ ದಿನ ನನ್ನ ಕೊಡೆ ಕಾಣಲಿಲ್ಲವೇನಪ್ಪ?” ಎಂದು ಕೇಳಿದೆ.

“ಕಾಣಿಸ್ತು ಸಾರ್. ಕೊನೇ ಘಟ್ಟದಲ್ಲಿದ್ದೆ. ಅಷ್ಟು ದೂರ ಅದಕ್ಕೆ ಮುಂಚೆ ಹೋಗಿರಲಿಲ್ಲ. ಬಿಟ್ಟು ಓಡೋಕೆ ಮನಸ್ಸಾಗಲಿಲ್ಲ.”

ನಾನು ಏನನ್ನೋ ಹೇಳಲು ಹೊರಟೆ. ಆದರೆ ಅವನು ಆಗಲೇ ಟಾರ್ಚು ಹಿಡಿದು ಪೆಟ್ಟಿಗೆಯ ಹಿಂಭಾಗಕ್ಕೆ ಹೋಗಿದ್ದ. ಬೆಸುಗೆ ಕಡ್ಡಿಯನ್ನು ಕೇಳಿದ, ಕೊಟ್ಟೆ. ಹೇಳಬೇಕಾದದ್ದನ್ನು ಸುಮಾರು ಒಂದು ತಿಂಗಳ ಮೇಲೆ, ದೀಪ ಹೋದ ಒಂದು ಸಂಜೆ ಹೇಳಿದೆ. ಅವನು “ಬಿಡಿ ಸಾರ್” ಎಂದನೇ ಹೊರತು ಪರವಾಗಿಲ್ಲ ಎನ್ನಲಿಲ್ಲ.

ಪೆಟ್ಟಿಗೆ ಈಗ ನಡೆಯುತ್ತದೆ. ಅಂಥ ಕೊಳವೆಗಳ ತಯಾರಿಕೆ ನಿಂತುಹೋಗಿರುವುದರಿಂದ ಭಾನುವಾರ ಅರ್ಧ ಗಂಟೆ ಮಾತ್ರ ಹಚ್ಚುತ್ತೇವೆ. ಕನ್ನಡಿಯ ರಸ ಅರ್ಧ ಉದುರಿದೆ. ಹೊಸ ಚೂರು ತರಲೇ ಎಂದದ್ದಕ್ಕೆ ಅವನು ಒಪ್ಪಲಿಲ್ಲ. ಕೆಂಪು ಬಣ್ಣ ಇನ್ನೂ ಸ್ವಲ್ಪ ಮಸುಕು; ಮುಂದಿನ ವಾರ ಅದನ್ನು ನೋಡಬೇಕು.