ನಾಲ್ಕು ಸಲ ಬರುವ ಜ್ವರ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಶನಿವಾರ ರಾತ್ರಿ ಒಂಬತ್ತು ಗಂಟೆ ಅಂದರೆ ನ್ಯೂಜೆರ್ಸಿಯ ನಮ್ಮ ಮನೆಗಳಲ್ಲಿ ಊಟ ಮುಗಿಯುವ ಹೊತ್ತು. ಕರ್ನಾಟಕದ ಒಂದು ಹಾಸ್ಟೆಲಿನಲ್ಲಿ ಅದು ಭಾನುವಾರ ಬೆಳಿಗ್ಗೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನಕ್ಕೆ ಸೇರಿರುವ ಹತ್ತು ಮಕ್ಕಳ ಜೊತೆ ನಾವು ಕೆಲವರು ವಿಡಿಯೋ ಕರೆಯಲ್ಲಿ ಒಂದು ಗಂಟೆ ಇಂಗ್ಲಿಷಿನಲ್ಲಿ ಹರಟುತ್ತೇವೆ. ಪಾಠವಿಲ್ಲ, ಪರೀಕ್ಷೆಯಿಲ್ಲ.

ಮೊದಮೊದಲು ಹರಟಿದವರು ನಾವು ಮಾತ್ರ! ಇಂಗ್ಲಿಷ್ ಬಂದರೆ ಕೆಲಸ ಸಿಗುತ್ತದೆ ಎಂದು ಹುರಿದುಂಬಿಸಿದೆವು. ಮಕ್ಕಳು 'ಎಸ್ ಸರ್' ಎಂದು ಸುಮ್ಮನಾದರು. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಇವರಿಗೆ ಪದಗಳು ಗೊತ್ತಿಲ್ಲವೆಂದಲ್ಲ. ಭಾಷೆ ಬರುವುದು ಬೇರೆ, ಬಾಯಿ ಬಿಡುವ ಮನಸ್ಸು ಬೇರೆ. ಮೆಕಿಂಟೈರ್ ಮತ್ತು ಸಂಗಡಿಗರು 1998ರಲ್ಲೇ ಇದನ್ನು ಬರೆದಿದ್ದರು. ನಮಗೆ ತಿಳಿದದ್ದು ಪೆಟ್ಟು ತಿಂದ ಮೇಲೆ.

ಒಬ್ಬ ಹುಡುಗ ಧೈರ್ಯ ಮಾಡಿ, ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ತನ್ನ ಅಣ್ಣನ ಲಾರಿಯ ವಿಷಯ ಹೇಳತೊಡಗಿದ. 'ಹಿ ಗೋ', 'ಹಿ ಸೇ' ಎಂದಾಗಲೆಲ್ಲ ನಾವು, ಪ್ರೀತಿಯಿಂದಲೇ, ತಿದ್ದಿದೆವು. ಮೂರನೇ ಸಲಕ್ಕೆ 'ಅಷ್ಟೇ ಸರ್' ಎಂದು ಕನ್ನಡದಲ್ಲಿ ಹೇಳಿ ಕುಳಿತುಬಿಟ್ಟ. ಮುಂದಿನ ವಾರ ಬರಲಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ 'ಫಾರ್ ಹಿಯರ್ ಆರ್ ಟು ಗೋ?' ಎಂದು ಕೇಳಿದರೆ ಹೋಟೆಲ್ ಕೌಂಟರಿನ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತವರು ನಾವೇ ಅಲ್ಲವೇ? ಎಷ್ಟು ಬೇಗ ಮರೆತೆವು!

ಗುಂಪನ್ನೇ ನಿಲ್ಲಿಸುವ ಮಾತು ಬಂದಿತ್ತು. ಆಗ ರೇಷ್ಮೆ ಬೆಳೆಯುವ ಮನೆಯ ಹುಡುಗಿಯೊಬ್ಬಳನ್ನು ನಮ್ಮಲ್ಲೊಬ್ಬರು, ನಿಜಕ್ಕೂ ಗೊತ್ತಿಲ್ಲದೆ, ಹುಳು ಸಾಕುವುದು ಹೇಗೆಂದು ಕೇಳಿದರು. 'ಫೋರ್ ಟೈಮ್ಸ್ ಫೀವರ್ ಕಮ್' ಎಂದಳು. ಅಯ್ಯೋ, ಔಷಧಿ ಏನು ಕೊಡುತ್ತೀರಿ ಎಂದೆವು. ಆ ಕಡೆ ಎಲ್ಲರೂ ಗೊಳ್ಳೆಂದು ನಕ್ಕರು. 'ನಾಟ್ ಸಿಕ್ ಸರ್! ಸ್ಕಿನ್ ಚೇಂಜ್!' ಹುಳು ಪೊರೆ ಬಿಡುವುದಕ್ಕೇ ಅವರಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ತಿನ್ನುವ ಸದ್ದು ಮಳೆ ಬಂದಂತೆ ಕೇಳುತ್ತದೆ, ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡಬೇಕು... ಇಪ್ಪತ್ತು ನಿಮಿಷ ಅವಳೇ ನಮ್ಮ ಮೇಷ್ಟ್ರು. ಪದ ಸಿಗದಾಗ ಅಕ್ಕಪಕ್ಕದವರು ಹುಡುಕಿ ಕೊಟ್ಟರು. ನಾವು ತಿದ್ದಲಿಲ್ಲ, ಕೇಳುವುದರಲ್ಲೇ ಮುಳುಗಿದ್ದೆವು.

ಅಂದಿನಿಂದ ನಮಗೆ ಗೊತ್ತಿಲ್ಲದ್ದನ್ನಷ್ಟೇ ಕೇಳುತ್ತೇವೆ. ಅಂಥದ್ದು ಬೇಕಾದಷ್ಟಿದೆ!

ನಿಮ್ಮ ದೇಣಿಗೆಯಿಂದ ಹಾಸ್ಟೆಲಿಗೆ ಇನ್ನೊಂದು ಲ್ಯಾಪ್‌ಟಾಪ್ ಕೊಡಿಸಬೇಕೆಂದಿದ್ದೇವೆ. ಜೊತೆಗೆ ಶನಿವಾರದ ಒಂದು ಗಂಟೆ ಕೊಡುವ ನಾಲ್ಕು ಜನ ಬೇಕು. ತಿದ್ದುವ ಚಟ ಇರುವವರು ದಯವಿಟ್ಟು ಕ್ಷಮಿಸಿ. ಆ ಹುಡುಗನಿಗೆ ವಾರ್ಡನ್ ಕೈಲಿ ಹೇಳಿ ಕಳಿಸಿದ್ದೇವೆ, ಘಾಟಿಯಲ್ಲಿ ನಿಂತ ಲಾರಿ ಆಮೇಲೆ ಏನಾಯಿತು, ಬಂದು ಹೇಳಪ್ಪಾ ಎಂದು. ಇನ್ನೂ ಬಂದಿಲ್ಲ.