ಮಹಿಳಾ ವಿಶ್ವಕಪ್: ಆಟ, ಮಾಧ್ಯಮ ಮತ್ತು ನಾವು

(ಸಂಘದ ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಕ್ರಿಕೆಟ್ ಪಂಡಿತೆಯಲ್ಲ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡೇಟಾ ಕೆಲಸ ಮಾಡುವವಳು. ಹಾಗಾಗಿ ಆಟದ ಬಗ್ಗೆ ಹೇಳುವುದಕ್ಕಿಂತ, ಆ ಆಟ ನಮ್ಮ ಮನೆಯವರೆಗೆ ಬರುವ ದಾರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

2025ರ ನವೆಂಬರ್ 2, ಭಾನುವಾರ. ಇಲ್ಲೇ ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. ಮಳೆಯಿಂದಾಗಿ ಎರಡು ಗಂಟೆ ತಡವಾಗಿ ಶುರುವಾದ ಫೈನಲ್ ಮುಗಿಯುವಾಗ ಮಧ್ಯರಾತ್ರಿ. ಭಾರತ 298, ದಕ್ಷಿಣ ಆಫ್ರಿಕಾ 246. ಶೆಫಾಲಿ ವರ್ಮಾ 87 ರನ್, ದೀಪ್ತಿ ಶರ್ಮಾ ಅರ್ಧಶತಕದ ಜೊತೆಗೆ 5 ವಿಕೆಟ್. ನಮ್ಮ ಸೊಸೈಟಿಯಲ್ಲಿ ಪಟಾಕಿ ಹೊಡೆದರು. ನಿದ್ದೆಗಣ್ಣಿನಲ್ಲಿದ್ದ ನನ್ನ ಮಗಳನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತು ನಾನೂ ಅತ್ತೆ.

ಬೆಂಗಳೂರಿನಲ್ಲಿ ನಡೆಯಬೇಕಿದ್ದ ಪಂದ್ಯಗಳು ನಮ್ಮ ಊರಿಗೆ ಬಂದದ್ದು ಸಂತೋಷದ ಕಾರಣಕ್ಕಲ್ಲ ಎಂಬುದನ್ನೂ ನೆನೆಯಬೇಕು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ಬಳಿಕವೇ ಈ ಬದಲಾವಣೆ ಆದದ್ದು.

ಮರುದಿನ ಮಗಳು ಕೇಳಿದಳು, "ಅಮ್ಮಾ, ಇದು ಮಹಿಳಾ ವಿಶ್ವಕಪ್. ಹಾಗಾದ್ರೆ ಅಪ್ಪ ನೋಡೋದು ಯಾವ ವಿಶ್ವಕಪ್?" ಉತ್ತರ ಹುಡುಕಿದೆ. 2023ರಲ್ಲಿ ಅಹಮದಾಬಾದಿನಲ್ಲಿ ಫೈನಲ್ ನಡೆದ ಆ ಟೂರ್ನಿಯ ಅಧಿಕೃತ ಹೆಸರು "ಐಸಿಸಿ ಪುರುಷರ ಕ್ರಿಕೆಟ್ ವಿಶ್ವಕಪ್". ಲಾಂಛನದಲ್ಲಿ, ದಾಖಲೆಯಲ್ಲಿ "ಪುರುಷರ" ಎಂಬ ಪದ ಇದೆ. ಪತ್ರಿಕೆಯಲ್ಲಿ, ಟಿವಿಯಲ್ಲಿ, ನಮ್ಮ ಬಾಯಲ್ಲಿ ಇಲ್ಲ. ಆದರೆ ವಿಶ್ವಕಪ್ ಮೊದಲು ಆಡಿದವರು ಹೆಂಗಸರೇ. ಮಹಿಳೆಯರ ಮೊದಲ ವಿಶ್ವಕಪ್ 1973ರಲ್ಲಿ, ಪುರುಷರದು 1975ರಲ್ಲಿ. ಭಾರತ ಮಹಿಳಾ ವಿಶ್ವಕಪ್ಪಿಗೆ ಆತಿಥ್ಯ ನೀಡಿದ್ದು 1978ರಲ್ಲಿ, ಪುರುಷರದಕ್ಕೆ 1987ರಲ್ಲಿ. ಎರಡರಲ್ಲೂ ನಾವೇ ಮೊದಲು. ಆದರೂ ಹೆಸರಿಗೆ ವಿಶೇಷಣ ಅಂಟಿದ್ದು ನಮಗೆ ಮಾತ್ರ.

ಬ್ರ್ಯಾಂಡಿಂಗ್ ಅಂದರೆ ಇದೇ. ಪುರುಷರ ವಿಶ್ವಕಪ್ಪಿನ ಮೇಲೆ ಕಂಪನಿಗಳು ಮೊದಲಿಂದಲೂ ತಮ್ಮ ಹೆಸರು ಬರೆದವು. ಮೊದಲ ಮೂರು ಸಲ ಪ್ರುಡೆನ್ಷಿಯಲ್ ಕಪ್, 1987ರಲ್ಲಿ ರಿಲಯನ್ಸ್ ಕಪ್, 1996ರಲ್ಲಿ ವಿಲ್ಸ್. 1973ರ ಮಹಿಳಾ ವಿಶ್ವಕಪ್ ನಡೆದದ್ದು ಜ್ಯಾಕ್ ಹೇವರ್ಡ್ ಎಂಬ ಒಬ್ಬ ಉದ್ಯಮಿ ಕೊಟ್ಟ 40,000 ಪೌಂಡಿನಿಂದ. 2013ರಲ್ಲಿ ಮುಂಬೈಯಲ್ಲೇ ಮಹಿಳಾ ವಿಶ್ವಕಪ್ ನಡೆದಾಗ, ರಣಜಿ ಫೈನಲ್ ಇದೆ ಎಂದು ವಾಂಖೆಡೆಯ ಪಂದ್ಯಗಳನ್ನು ಬೇರೆ ಮೈದಾನಕ್ಕೆ ಎತ್ತಿಹಾಕಿದರು. ವಿಶ್ವಕಪ್ಪೇ ಜಾಗ ಬಿಟ್ಟುಕೊಡಬೇಕಾಯಿತು!

ಈಗ ಕಾಲ ಬದಲಾಗಿದೆ. 2022ರಲ್ಲಿ ಬಿಸಿಸಿಐ ಪಂದ್ಯ ಶುಲ್ಕವನ್ನು ಸಮಾನ ಮಾಡಿತು. ಏಕದಿನಕ್ಕೆ 6 ಲಕ್ಷ, ಇಬ್ಬರಿಗೂ. 2023ರಲ್ಲಿ ಡಬ್ಲ್ಯುಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕು 951 ಕೋಟಿಗೆ ಹೋಯಿತು. 2025ರ ವಿಶ್ವಕಪ್ಪಿನ ಒಟ್ಟು ಬಹುಮಾನ 1.388 ಕೋಟಿ ಡಾಲರ್, ಪುರುಷರ 2023ರ ಒಂದು ಕೋಟಿ ಡಾಲರಿಗಿಂತ ಹೆಚ್ಚು. ಫೈನಲನ್ನು ಜಿಯೋಹಾಟ್‌ಸ್ಟಾರ್‌ನಲ್ಲಿ 18.5 ಕೋಟಿ ಮಂದಿ ನೋಡಿದರು ಎಂದು ಐಸಿಸಿ ಲೆಕ್ಕ ಕೊಟ್ಟಿತು.

ನಾನು ಈ ಲೆಕ್ಕದ ಜಗತ್ತಿನವಳು, ಆದ್ದರಿಂದ ಒಂದು ಗುಟ್ಟು ಹೇಳುತ್ತೇನೆ. ಜಾಹೀರಾತಿನ ದರ ನಿಲ್ಲುವುದು ಎಷ್ಟು ಕಣ್ಣು, ಎಷ್ಟು ಹೊತ್ತು ನೋಡಿತು ಎಂಬುದರ ಮೇಲೆ. ನೋಡುವವರಿಲ್ಲ ಎಂದು ತೋರಿಸುವುದಿಲ್ಲ. ತೋರಿಸುವುದಿಲ್ಲ ಎಂದು ನೋಡುವವರಿರುವುದಿಲ್ಲ. ಈ ಸುಳಿಯಿಂದ ಹೊರಬರಲು ಮೊದಲು ಯಾರಾದರೂ ನೋಡಬೇಕು, ಅದೂ ಗೆದ್ದ ದಿನ ಮಾತ್ರ ಅಲ್ಲ.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಲೀಗ್ ಹಂತದಲ್ಲಿ ಭಾರತ ಸತತ ಮೂರು ಪಂದ್ಯ ಸೋತಿತು. ನಾನು ಆ್ಯಪ್ ತೆರೆಯುವುದನ್ನೇ ಬಿಟ್ಟೆ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ 338 ರನ್ ಬೆನ್ನಟ್ಟಿ ಜೆಮಿಮಾ ರಾಡ್ರಿಗಸ್ ಅಜೇಯ 127 ಹೊಡೆದ ಮೇಲೆ ಮತ್ತೆ ಅಭಿಮಾನಿಯಾದೆ. ಮಾಧ್ಯಮವನ್ನು ಬೈಯುತ್ತೇವಲ್ಲ, ನಾನು ಮಾಡಿದ್ದೂ ಅದನ್ನೇ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಳೆದ ಸಲ ನಮ್ಮ ಕ್ರೀಡಾಕೂಟದಲ್ಲಿ ಗಂಡಸರ ಪಂದ್ಯಾವಳಿಗೆ ಬ್ಯಾನರ್, ಪ್ರಾಯೋಜಕರು, ಜೆರ್ಸಿ, ಮೈಕ್ ಹಿಡಿದು ವೀಕ್ಷಕ ವಿವರಣೆ. ನಮ್ಮ ಆರು ಓವರಿನ ಪಂದ್ಯ ಅವರ ಊಟದ ಬಿಡುವಿನಲ್ಲಿ. ಇ-ಸಂಚಿಕೆಯಲ್ಲಿ ಗಂಡಸರ ಫೈನಲಿನ ಪೂರ್ತಿ ಸ್ಕೋರು ಬಂತು. ನಮಗೆ ಒಂದು ಫೋಟೊ, ಕೆಳಗೆ "ಮಹಿಳೆಯರೂ ಉತ್ಸಾಹದಿಂದ ಆಡಿದರು" ಎಂಬ ಸಾಲು. ಗೆದ್ದವರು ಯಾರು, ವಿಕೆಟ್ ಕಿತ್ತವರು ಯಾರು, ಒಂದೂ ಇಲ್ಲ. ಆ ಪುಟ ಜೋಡಿಸಿದವರು ಗಂಡಸರಲ್ಲ. ನಾನೇ. ಸಮಯ ಇರಲಿಲ್ಲ, ಯಾರು ಓದುತ್ತಾರೆ ಅಂದುಕೊಂಡೆ. ಇಂದು ಸ್ಕೋರ್ ಪುಸ್ತಕ ಹುಡುಕಿದರೆ ಅದೂ ಸಿಗುತ್ತಿಲ್ಲ. ನಿಮ್ಮಲ್ಲಿ ಆಡಿದವರು ಇದ್ದೀರಿ, ಕ್ಷಮಿಸಿ.

ಭಾರತದ ಮೊದಲ ಮಹಿಳಾ ಟೆಸ್ಟ್ ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. 2017ರ ಲಾರ್ಡ್ಸ್ ಫೈನಲ್ ಆಡಿದ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್, ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದರು. ಇವರ ಹೆಸರು ನಮಗೆ ಗೊತ್ತಿರುವುದು ಯಾರೋ ಸ್ಕೋರು ಬರೆದಿಟ್ಟಿದ್ದರಿಂದ.

ಹಾಗಾಗಿ ನನ್ನದು ಮೂರು ಸಣ್ಣ ಕೋರಿಕೆ. ಈ ಸಲ ಎರಡೂ ಪಂದ್ಯಗಳ ಹೆಸರು ಒಂದೇ ಬ್ಯಾನರಿನಲ್ಲಿರಲಿ, ಅದರಲ್ಲಿ "ಪುರುಷರ" ಎಂದೂ ಬರೆಯೋಣ. ನಮ್ಮ ಪಂದ್ಯ ಊಟದ ಬಿಡುವಿಗಲ್ಲ, ಬೆಳಗ್ಗೆ ಹತ್ತಕ್ಕೆ ಇರಲಿ. ಸ್ಕೋರು ಬರೆಯುವ ಕೆಲಸ ನನಗೆ ಕೊಡಿ. ಸೊನ್ನೆಗೆ ಔಟಾದವರ ಹೆಸರೂ ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ!